ಮುಂದೆ ಬರಲೊಲ್ಲದ ಸೀಟು

ನಾನು ಗಿಡ್ಡಿ. ಗುಂಡಿ ಒತ್ತಿದರೆ ಸೀಟು ಮುಂದೆ ಬರುತ್ತದೆಂದೇ ಆ ಹಳೆಯ ಕಾರು ಕೊಂಡಿದ್ದೆ. ಒಮ್ಮೆ ಬೀಳಗಿಯಲ್ಲಿ ನನ್ನ ಎತ್ತರದ ಮೈದುನ ಅದನ್ನು ಓಡಿಸಿ, ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿಟ್ಟ. ಮರುದಿನ ಮುಧೋಳಕ್ಕೆ ಹೊರಟಾಗ ಅದು ಮುಂದೆ ಬರಲೊಲ್ಲದು. ನನ್ನ ಕಾಲು ಬ್ರೇಕಿಗೆ ಮುಟ್ಟಲಿಲ್ಲ.

“ಮೋಟರ್ ಸುಟ್ಟೈತ್ರಿ ವೈನಿ. ಇನ್ನ ನಾನ ಓಡಸ್ತೇನಿ ಬಿಡ್ರಿ,” ಎಂದ.

ನನಗೆ ಸಿಟ್ಟು ನೆತ್ತಿಗೇರಿತು. “ನೋಡದನ ಹೆಂಗ ಹೇಳ್ತಿ? ಟಾರ್ಚ್ ಹಿಡಿ,” ಎಂದೆ.

ಫ್ಯೂಸ್ ಸರಿಯಿತ್ತು. ಸೀಟಿನ ಕೆಳಗೆ ತಲೆ ತೂರಿಸಿ ನೋಡಿದರೆ, ಸೀಟು ಜಾರುವ ಹಳಿಗೆ ಸಿಕ್ಕಿ ಒಂದು ವೈರು ತುಂಡಾಗಿತ್ತು. ಬ್ಯಾಟರಿ ಕಳಚಿ, ವೈರು ಜೋಡಿಸಿ, ಟೇಪು ಸುತ್ತಿದೆ. ಬ್ಯಾಟರಿ ಮತ್ತೆ ಹಾಕಿ ಗುಂಡಿ ಒತ್ತಿದಾಗ ಸೀಟು ಗುಂಯ್ ಎಂದು ಮುಂದೆ ಬಂತು.

ಮೈದುನ ಕೀಲಿಗೆ ಕೈ ಚಾಚಿದ. ನಾನು ಕೊಡಲಿಲ್ಲ. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮುಧೋಳದ ತನಕ ನಾನೇ ಓಡಿಸಿದೆ.