ಮಂಡಕ್ಕಿ ಚೀಲದ ಮೇಲೆ ಹಾರಿದವರು

ಬೆಳಿಗ್ಗೆ ಏಳರ ಹೊತ್ತಿಗೆ ಆನೆಕೊಂಡದ ನಮ್ಮ ಮನೆಯ ಗೇಟಿನ ಒಳಗೆ, ತುಳಸಿಕಟ್ಟೆಗೆ ಬೆನ್ನು ಕೊಟ್ಟು ನಿಂತಿದ್ದೆ. ಮರುದಿನ ಮಗಳು ಹರಿಹರದ ಗೆಳತಿಯರ ಜೊತೆ ಬೆಟ್ಟದ ಸೈಕಲ್ ಪಾರ್ಕಿಗೆ ಹೊರಡುವವಳಿದ್ದಳು. ಕಡಿದಾದ ಇಳಿಜಾರಿನಲ್ಲಿ ಸೈಕಲ್ ಓಡಿಸುವ ಜಾಗ ಅದು. ಕಳಿಸಲು ನನಗೆ ಧೈರ್ಯವಿರಲಿಲ್ಲ.

ಮಂಡಕ್ಕಿ ಭಟ್ಟಿ ನಡೆಸುತ್ತಿದ್ದ ಪಕ್ಕದ ಮನೆಯ ಹಿರಿಯರೊಬ್ಬರು ಸೈಕಲ್ ಕಟ್ಟಿಕೊಡಲು ಬಂದರು. ಕಳಚಿದ ಚಕ್ರ, ಹ್ಯಾಂಡಲ್‌ಗಳನ್ನು ಖಾಲಿ ಮಂಡಕ್ಕಿ ಚೀಲಗಳಲ್ಲಿ ಸುತ್ತಿದರು. ಪ್ರತಿ ಗಂಟನ್ನೂ ಜಗ್ಗಿ, "ನೋಡೇ ಬಿಡಾಣ" ಎನ್ನುತ್ತಿದ್ದರು. ಯಾವ ಕೆಲಸಕ್ಕೂ ಅವರದು ಅದೇ ಮಾತು.

ಹೆಲ್ಮೆಟ್ಟು, ಮೊಣಕಾಲಿನ ಪ್ಯಾಡು ಮಾತ್ರ ಉಳಿದವು. ಅವರು ಪಂಚೆ ಎತ್ತಿ ಕಟ್ಟಿ, ಎಲ್ಲವನ್ನೂ ತಾವೇ ತೊಟ್ಟರು.

"ಬ್ಯಾಡ್ರಿ ಅಣ್ಣಾರೆ, ವಯಸ್ಸು ನೋಡ್ಕಳ್ರಿ" ಎಂದೆ.

"ಬೀಳಾಕೆ ಎಂಥ ವಯಸ್ಸು ತಮ್ಮಾ? ನೋಡೇ ಬಿಡಾಣ."

ಜಗಲಿಯ ಕೆಳಗೆ ಮಂಡಕ್ಕಿ ತುಂಬಿದ ಎರಡು ಚೀಲ ಹಾಕಿಸಿ, ಜಗಲಿ ಮೇಲಿಂದ ಮೊಣಕಾಲು ಮುಂದಾಗಿ ಹಾರಿದರು. ಒಂದು ಚೀಲ ಒಡೆದು ಅಂಗಳವೆಲ್ಲ ಬೆಳ್ಳಗಾಯಿತು. ಅವರು ಅಲುಗಾಡಲಿಲ್ಲ. ನಾನು ಹತ್ತಿರ ಓಡಿದೆ. ಆಮೇಲೆ ಹೆಲ್ಮೆಟ್ಟಿನೊಳಗಿಂದ ನಗು ಕೇಳಿಸಿತು.

ಎಡಗಾಲಿನ ಪ್ಯಾಡು ಪಾದದವರೆಗೆ ಜಾರಿತ್ತು.

"ಪಟ್ಟಿ ಸಡಿಲ ಐತವ್ವ, ಬ್ಯಾರೆ ತಗೊ" ಎಂದು ಮಗಳಿಗೆ ಹೇಳಿ ನನ್ನತ್ತ ತಿರುಗಿದರು. "ಬೀಳಾದು ನಾನು ಮುಗಿಸೀನಿ. ಇನ್ನ ಕಳಸ್ರಿ."

ಅಂದೇ ಹೊಸ ಪ್ಯಾಡು ತಂದು, ಮರುದಿನ ಕಳಿಸಿದೆ.

ಅವರು ಈಗಿಲ್ಲ. ಅಂದು ಅದನ್ನು ಕಂಡವರಲ್ಲಿ ಅವರ ಹೆಂಡತಿ ಗಂಗಮ್ಮ ಇದ್ದಾರೆ. ಚೀಲದಲ್ಲಿ ಉಳಿದ ಮಂಡಕ್ಕಿಗೆ ಒಗ್ಗರಣೆ ಹಾಕಿಕೊಟ್ಟವರು ಅವರೇ. ನನ್ನ ಮಗಳೂ ಇದ್ದಾಳೆ. ಆ ಬೆಟ್ಟದಲ್ಲಿ ಅವಳು ಬಿದ್ದಾಗ ಎಡಗಾಲಿನ ಹೊಸ ಪ್ಯಾಡಿಗೆ ಉದ್ದಕ್ಕೂ ಗೀರು ಬಿದ್ದಿದೆ, ಅವಳ ಮೊಣಕಾಲು ನೆಟ್ಟಗಿದೆ.