ಮೇಲಿನ ಹಾಯಿ ಮಡಿಸಿದ ಮಧ್ಯಾಹ್ನ

ನಾನು ಮೊದಲ ಸಲ ಸಮುದ್ರ ನೋಡಿದ್ದು ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ನೌಕಾಪಡೆಯ ತರಬೇತಿಗೆ ಸೇರಲು ಹೊರಟಾಗ. ಅಲ್ಲಿಯವರೆಗೆ ನಾನು ಕಂಡ ದೊಡ್ಡ ನೀರೆಂದರೆ ಗೊರವನಹಳ್ಳಿಗೆ ಹೋದಾಗ ನೋಡುತ್ತಿದ್ದ ತೀತಾ ಜಲಾಶಯ. ಅದೂ ಅರ್ಧ ವರ್ಷ ಬರೀ ಕೆಸರು.

ಅಪ್ಪ ಕೊರಟಗೆರೆಯಲ್ಲಿ ಲೈನ್‌ಮನ್ ಆಗಿದ್ದರು. ರಜೆ ಇದ್ದಾಗ ಅವರಿಗೆ ಊಟದ ಡಬ್ಬಿ ತೆಗೆದುಕೊಂಡು ಹೋಗುವುದು ನನ್ನ ಕೆಲಸ. ಅವರು ಯಾವ ಕಂಬದ ಮೇಲಿದ್ದಾರೆಂದು ವಿಚಾರಿಸಿಕೊಂಡು ಹೋಗಿ ಬುಡದಲ್ಲಿ ಕೂತರೆ ನನಗೆ ಕಾಣುತ್ತಿದ್ದದ್ದು ಅವರ ಅಂಗಾಲು ಮಾತ್ರ. ಇಳಿದು ಬಂದ ಮೇಲೆ ತಕ್ಷಣ ಡಬ್ಬಿ ಬಿಚ್ಚುತ್ತಿರಲಿಲ್ಲ. ಹತ್ತಿರದ ಕಲ್ಲಿನ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತಿದ್ದರು. ದಣಿವು ಆರಿಸಿಕೊಳ್ಳುತ್ತಿದ್ದಾರೆ ಅಂದುಕೊಂಡಿದ್ದೆ. ಎತ್ತರ ಅನ್ನುವುದು ನಮ್ಮ ಮನೆಯ ಕಸುಬು, ನನಗದು ಹುಟ್ಟಿನಿಂದಲೇ ಬಂದಿದೆ ಎಂಬ ಹೆಮ್ಮೆಯಲ್ಲೇ ತರಬೇತಿಗೆ ಹೋದೆ.

ತರಬೇತಿಯ ಕೊನೆಯ ಭಾಗದಲ್ಲಿ ನಮ್ಮನ್ನು ಕೊಚ್ಚಿಯಲ್ಲಿ ಒಂದು ಹಾಯಿಹಡಗು ಹತ್ತಿಸಿದರು. ಮೂರು ಕಂಬದ ಹಡಗು. ಮೊದಲ ಎರಡು ಕಂಬಗಳಿಗೆ ಅಡ್ಡಲಾಗಿ, ಒಂದರ ಮೇಲೊಂದು ಉದ್ದನೆಯ ತೊಲೆಗಳು. ಅವನ್ನು ಯಾರ್ಡ್ ಅನ್ನುತ್ತಾರೆ. ಒಂದೊಂದು ಯಾರ್ಡಿನಿಂದಲೂ ಒಂದೊಂದು ಚೌಕ ಹಾಯಿ ಇಳಿಬಿದ್ದಿರುತ್ತದೆ. ಗಾಳಿ ಜಾಸ್ತಿಯಾದರೆ ಕೆಳಗಿನಿಂದಲೇ ಹಗ್ಗ ಎಳೆದು ಹಾಯಿಯನ್ನು ಯಾರ್ಡಿನ ಹತ್ತಿರಕ್ಕೆ ಎತ್ತಬಹುದು. ಆದರೆ ಅದು ಅಲ್ಲಿ ಗಾಳಿ ತುಂಬಿಕೊಂಡು ಬಡಿದಾಡುತ್ತಿರುತ್ತದೆ. ಯಾರಾದರೂ ಹತ್ತಿ ಹೋಗಿ, ಯಾರ್ಡಿನ ಮೇಲೆ ಹೊಟ್ಟೆ ಊರಿ ಬಗ್ಗಿ, ಬಟ್ಟೆಯನ್ನು ಮಡಿಕೆ ಮಡಿಕೆಯಾಗಿ ಎಳೆದು ಕಟ್ಟಲೇಬೇಕು. ಕಾಲಿಗೆ ಆಧಾರ ಕೆಳಗೆ ಜೋಲುವ ಒಂದು ಹಗ್ಗ ಅಷ್ಟೆ. ಸೊಂಟಕ್ಕೆ ಬೆಲ್ಟು, ಬೆಲ್ಟಿನ ಕೊಕ್ಕೆ ಯಾರ್ಡಿನ ಕಂಬಿಗೆ.

ಇದನ್ನೆಲ್ಲ ಕಲಿಸುತ್ತಿದ್ದವರು ಹಡಗಿನ ಒಬ್ಬ ಹಿರಿಯ ನಾವಿಕರು. ನಾವು ಅವರನ್ನು ಉಸ್ತಾದ್ ಅನ್ನುತ್ತಿದ್ದೆವು. ನಿವೃತ್ತಿಗೆ ಮೊದಲಿನ ಅವರ ಕೊನೆಯ ಯಾನ ಅದು. ಹೊರಡುವ ಹಿಂದಿನ ದಿನ ನಾನು ಅಪ್ಪನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಾಗ ಹತ್ತಿರ ಹಗ್ಗ ಸುತ್ತುತ್ತಿದ್ದರು. ಮುಗಿಸಿದ ಮೇಲೆ ಕನ್ನಡದಲ್ಲಿ ಕೇಳಿದರು.

"ಯಾವೂರಮ್ಮ?"

"ಕೊರಟಗೆರೆ ಸರ್."

"ನಮ್ದು ಪಾವಗಡ," ಅಂದು ಹೊರಟೇಬಿಟ್ಟರು. ಆಮೇಲೆ ಕೆಲಸದ ಹೊತ್ತಿನಲ್ಲಿ ಹಿಂದಿ, ಇಂಗ್ಲಿಷ್ ಬಿಟ್ಟರೆ ಒಂದು ಮಾತಿಲ್ಲ. ಎಲ್ಲರ ಹಾಗೆ ನಾನೂ ಅವರಿಗೆ ಬರೀ 'ಕೆಡೆಟ್'.

ಬಂದರಿನಲ್ಲಿ ನಿಂತ ಹಡಗಿನಲ್ಲಿ ನಾನು ಎಲ್ಲರಿಗಿಂತ ಬೇಗ ಹತ್ತುತ್ತಿದ್ದೆ. ಮಸ್ಕತ್ ಕಡೆಗೆ ಹೊರಟ ನಾಲ್ಕನೆಯ ದಿನ ಮಧ್ಯಾಹ್ನ ಆಕಾಶದ ಒಂದು ಮೂಲೆ ಕಪ್ಪಾಯಿತು. ಗಾಳಿ ಒಮ್ಮೆಲೇ ತಿರುಗಿತು. ಮುಂದಿನ ಕಂಬದ ಎಲ್ಲಕ್ಕಿಂತ ಮೇಲಿನ ಹಾಯಿಯನ್ನು ಮಡಿಸಲು ಆಜ್ಞೆಯಾಗಿ ನಾವು ಆರು ಜನ ಹತ್ತಿದೆವು. ಗಾಳಿ ಬರುವ ಕಡೆಯಿಂದ ಹತ್ತಿದರೆ ಗಾಳಿಯೇ ನಮ್ಮನ್ನು ಹಗ್ಗದ ಏಣಿಗೆ ಒತ್ತಿ ಹಿಡಿಯುತ್ತದೆ ಎಂದು ಕಲಿಸಿದ್ದರು. ಅದು ನಿಜ. ಅಲ್ಲಿಯವರೆಗೆ ನಾನು ಸರಿಯಾಗಿಯೇ ಇದ್ದೆ.

ಯಾರ್ಡಿನ ಆಚೆ ಬದಿಯ ತುದಿಯ ಜಾಗ ನನ್ನದು. ಅಲ್ಲಿಗೆ ಹೋಗಿ ಕೊಕ್ಕೆ ಹಾಕಿಕೊಂಡು ಕೆಳಗೆ ನೋಡಿದೆ. ಹಡಗು ಆ ಕಡೆಗೆ ವಾಲಿತ್ತು. ನನ್ನ ಕಾಲ ಕೆಳಗೆ ಹಡಗೇ ಇರಲಿಲ್ಲ, ಬರೀ ನೀರು. ಅಷ್ಟರಲ್ಲಿ ಪಕ್ಕದವನು ಹೆಜ್ಜೆ ಬದಲಿಸಿದ. ಕಾಲ ಹಗ್ಗ ಬಿಗಿದು ನನ್ನನ್ನು ಒಂದು ಗೇಣು ಮೇಲಕ್ಕೆತ್ತಿತು. ನನ್ನ ಎರಡೂ ಕೈ ಕಂಬಿಯನ್ನು ಹಿಡಿದುಕೊಂಡವು, ಮತ್ತೆ ಬಿಡಲಿಲ್ಲ. ಬಿಡಬೇಕು ಎಂದು ನನಗೆ ಗೊತ್ತಿತ್ತು. ಕೈಗೆ ಗೊತ್ತಿರಲಿಲ್ಲ. ಒದ್ದೆ ಹಾಯಿ ತಗಡಿನ ಹಾಗೆ ಗಟ್ಟಿಯಾಗಿ ಮುಖಕ್ಕೆ ಬಡಿಯುತ್ತಿತ್ತು. ಪಕ್ಕದವನು ಕೂಗುತ್ತಿದ್ದದ್ದು ಕೇಳುತ್ತಿತ್ತು. ಉತ್ತರ ಕೊಡಲು ಬಾಯಿ ಬರಲಿಲ್ಲ.

ಎಷ್ಟು ಹೊತ್ತಾಯಿತೋ, ಕಾಲ ಹಗ್ಗ ಮತ್ತೆ ಅಲುಗಿತು. ಪಕ್ಕದವನನ್ನು ದಾಟಿಕೊಂಡು ಉಸ್ತಾದ್ ಬಂದು ನನ್ನ ಭುಜಕ್ಕೆ ಭುಜ ತಾಗಿಸಿ ನಿಂತರು. ಕೊಕ್ಕೆ ಹಾಕಿಕೊಂಡು ಒಂದೆರಡು ಉಸಿರು ತೆಗೆದುಕೊಂಡರು.

"ಕೊರಟಗೆರೆಯಿಂದ ಪಾವಗಡಕ್ಕೆ ಬಸ್ಸು ಎಷ್ಟೊತ್ತಿಗೈತಮ್ಮ?" ಅಂದರು.

"ಗೊತ್ತಿಲ್ಲ ಸರ್." ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

"ನಂಗೂ ಗೊತ್ತಿಲ್ಲ. ಮಧುಗಿರೀಲಿ ಇಳ್ದು ಕಾಯ್ಬೇಕು, ಅದೊಂದು ಗೊತ್ತು. ಕಾಯೋದು ಅಂದ್ರೇನು, ನಿಂತ್ಕಂಡಿರೋದು. ಈಗ ನೀನು ಮಾಡ್ತಿರೋದೂ ಅದೇಯ. ನಿಂತ್ಕಂಡಿದ್ದೀಯ, ಬಿದ್ದಿಲ್ಲ."

"ಕೈ ಬುಡೋಕಾಗ್ತಿಲ್ಲ ಸರ್."

"ಪರವಾಲೇದು, ಬುಡಬೇಡ. ಕಿರುಬೆರಳು ಒಂದೇ ಎತ್ತು."

ಎತ್ತಿದೆ.

"ಅದ್ರ ಪಕ್ಕದ್ದು."

ಅದನ್ನೂ ಎತ್ತಿದೆ. ಹೀಗೆ ಒಂದೊಂದೇ ಬೆರಳು. ಅವರು ಎಲ್ಲೂ ಅವಸರ ಮಾಡಲಿಲ್ಲ. ಮಳೆ ಶುರುವಾಗಿತ್ತು. ಬಲಗೈ ಪೂರ್ತಿ ಬಿಟ್ಟಾಗ ಅದರೊಳಕ್ಕೆ ಹಾಯಿಯ ಒಂದು ಮಡಿಕೆಯನ್ನು ಇಟ್ಟರು. "ಹಿಡ್ಕೊ. ಸೀರೆ ನೆರಿಗೆ ಹಿಡೀತೀಯಲ್ಲ, ಅಂಗೆ. ಎಳ್ದು ಹೊಟ್ಟೆ ಕೆಳಗೆ ಹಾಕ್ಕೊ, ಅದ್ರ ಮೇಲೆ ಒರಗು. ಇನ್ನೊಂದು."

ಇನ್ನೊಂದು, ಮತ್ತೊಂದು. ಉಳಿದವರ ಎಳೆತಕ್ಕೆ ನನ್ನದೂ ಸೇರಿತು. ಕೊನೆಗೆ ಹಾಯಿ ಯಾರ್ಡಿನ ಮೇಲೆ ಹಾಸಿಗೆ ಸುತ್ತಿಟ್ಟ ಹಾಗೆ ಮಲಗಿತು. ಪಟ್ಟಿ ಸುತ್ತಿ ಗಂಟು ಹಾಕಿದವಳು ನಾನೇ. ಅವರು ಗಂಟನ್ನು ಎಳೆದು ನೋಡಿ, "ಚೆನ್ನಾಗೈತೆ," ಅಂದರು.

ಇಳಿದ ಮೇಲೆ ತಿಳಿಯಿತು, ಹಿಂದಿನ ವರ್ಷ ಬಲಭುಜಕ್ಕೆ ಪೆಟ್ಟಾದ ಮೇಲೆ ಅವರು ಹತ್ತಲೇಬಾರದೆಂದು ಡಾಕ್ಟರು ಬರೆದುಕೊಟ್ಟಿದ್ದರಂತೆ. ಕ್ಯಾಪ್ಟನ್ ಉಸ್ತಾದರನ್ನು ತಮ್ಮ ಕೋಣೆಗೆ ಕರೆಸಿ ಬೈದರು. ನಾನು ಒಳಗೆ ಹೋಗಿ ತಪ್ಪು ನನ್ನದು ಅಂದೆ. ಕ್ಯಾಪ್ಟನ್ ನನ್ನ ಕಡೆ ತಿರುಗಿ, "ಹೆದರಿದ್ದು ತಪ್ಪಲ್ಲ. ಹೆದರಿಕೆಯಾಗುತ್ತದೆ ಎಂದು ಹತ್ತುವ ಮೊದಲು ಗೊತ್ತಾಗುವುದೂ ಇಲ್ಲ. ಆದರೆ ಇನ್ನು ಮೇಲೆ ಹೆದರಿಕೆಯಾದರೆ ಕೂಗಿ ಹೇಳಬೇಕು. ಪಕ್ಕದವನಿಗೆ ಗೊತ್ತಾಗಬೇಕು," ಅಂದರು. ಮಾರನೆಯ ದಿನ ಉಸ್ತಾದ್ ಎಡಗೈಯಲ್ಲಿ ಊಟ ಮಾಡುತ್ತಿದ್ದರು. ನಾನು ನೋಡುತ್ತಿರುವುದು ಕಂಡು ತಟ್ಟೆಯ ಸಮೇತ ಆ ಕಡೆಗೆ ತಿರುಗಿ ಕೂತರು.

ಮಸ್ಕತ್‌ನಿಂದ ಅಪ್ಪನಿಗೆ ಫೋನ್ ಮಾಡಿದೆ. ಮುಚ್ಚಿಡಬೇಕು ಅಂದುಕೊಂಡಿದ್ದೆ, ಆಗಲಿಲ್ಲ. ಎಲ್ಲ ಹೇಳಿದೆ.

"ನಂಗೂ ಅಂಗೇ ಆಗ್ತಿತ್ತು ಕಣಮ್ಮ," ಅಂದರು ಅಪ್ಪ.

"ಯಾವಾಗಪ್ಪ?"

"ದಿನಾ. ಇಳಿದ್ಮೇಲೆ ಕಾಲು ನಡುಗೋವು. ನೀನು ಡಬ್ಬಿ ತಂದು ಕೂತಿರ್ತಿದ್ದೆ. ನಿನ್ಮುಂದೆ ಹೆಂಗೆ ತೋರ್ಸ್ಕೊಳ್ಳೋದು ಅಂತ ಕಲ್ಲಿನ ಮೇಲೆ ಕೂತ್ಕಬುಡ್ತಿದ್ದೆ."

ನಾನು ಅಳುತ್ತಿರುವುದು ಗೊತ್ತಾಗಿ ಮಾತು ಬದಲಿಸಿದರು. ಅಲ್ಲಿ ಊಟ ಹೆಂಗೆ, ಮುದ್ದೆ ಮಾಡ್ತಾರಾ ಅಂತ ಕೇಳಿದರು.

ವಾಪಸು ಬರುವ ದಾರಿಯಲ್ಲಿ ದಿನಾ ಹತ್ತಿದೆ. ಹೆದರಿಕೆ ಹೋಗಲಿಲ್ಲ. ಆದರೆ ಪಕ್ಕದವನಿಗೆ ಹೇಳಲು ಕಲಿತೆ, ಅವನೂ ತನ್ನದನ್ನು ಹೇಳಿದ. ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಬೆಳಿಗ್ಗೆ ಹಾಯಿ ಬಿಚ್ಚುವ ಕೆಲಸ. ಪಟ್ಟಿಗಳನ್ನು ಕಳಚಿದಾಗ ಬಟ್ಟೆ ಸಡಿಲವಾಗಿ ಕೆಳಗೆ ಜಾರುತ್ತದೆ. ಕೆಳಗಿನವರು ಹಗ್ಗ ಎಳೆಯುತ್ತಾರೆ. ಒಂದೆರಡು ಸಲ ಪಟಪಟ ಅಂದು ಗಾಳಿ ತುಂಬಿದ ಕೂಡಲೇ ಸದ್ದೆಲ್ಲ ನಿಂತುಹೋಗುತ್ತದೆ. ಇಡೀ ಹಡಗು ಮೆಲ್ಲಗೆ ಮುಂದಕ್ಕೆ ಹೋಗುವುದು ಎದೆಗೊತ್ತಿದ ತೊಲೆಯಿಂದಲೇ ಗೊತ್ತಾಗುತ್ತದೆ. ಉಸ್ತಾದ್ ಡೆಕ್ಕಿನಲ್ಲಿ ತಲೆ ಎತ್ತಿ ನಿಂತಿರುತ್ತಿದ್ದರು.

ಕೊಚ್ಚಿಯಲ್ಲಿ ಅವರ ಹೆಂಡತಿ ಪಾವಗಡದಿಂದ ಬಂದು ಕಾದಿದ್ದರು. ಗಂಡನ ಹಡಗನ್ನು ಅವರು ನೋಡಿದ್ದು ಅದೇ ಮೊದಲು. ಉಸ್ತಾದ್ ನನ್ನನ್ನು ಕರೆದು, ನಮ್ಮ ಕಡೆಯ ಹುಡುಗಿ ಅಂತ ಪರಿಚಯ ಮಾಡಿಸಿದರು. ಆಕೆ ಕಂಬಗಳ ತುದಿಯವರೆಗೂ ಕಣ್ಣು ಹಾಯಿಸಿದರು.

"ಅಲ್ಲಿಗೆ ಯಾರಮ್ಮ ಹತ್ತೋದು?"

"ನಾವೇ. ತರಬೇತಿಗೆ ಬಂದಿರೋರು."

"ಯಪ್ಪಾ. ನಮ್ಮನೆಯೋರ್ದು ಪುಣ್ಯ, ಅಡುಗೆಮನೇಲಿ ಕೆಲಸ. ಚೆನ್ನಾಗಿ ಮಾಡ್ತಾರಾ ಅಡುಗೆ?"

ನಾನು ಉಸ್ತಾದ್ ಮುಖ ನೋಡಿದೆ. ಅವರು ದೂರದ ಯಾವುದೋ ದೋಣಿಯನ್ನು ಬಹಳ ಗಮನವಿಟ್ಟು ನೋಡುತ್ತಿದ್ದರು. ಇಷ್ಟು ವರ್ಷವೂ ಮನೆಯಲ್ಲಿ ಹಾಗೇ ಹೇಳಿಕೊಂಡು ಬಂದಿದ್ದಾರೆಂದು ಆಗ ಹೊಳೆಯಿತು.

"ತುಂಬ ಚೆನ್ನಾಗಿ ಮಾಡ್ತಾರೆ," ಅಂದೆ. "ನಂಗೆ ಹುಷಾರಿಲ್ದಿದ್ದಾಗ ಅವರೇ ನೋಡ್ಕೊಂಡಿದ್ದು."

ಉಸ್ತಾದ್ ಸಾಮಾನು ತರಲು ಒಳಗೆ ಹೋದರು. ಆಕೆ ಚೀಲದಿಂದ ಒಂದು ಪೊಟ್ಟಣ ಹುರಿದ ಕಡಲೇಕಾಯಿ ತೆಗೆದು ನನ್ನ ಕೈಗಿಟ್ಟರು. ಹಾಗೇ ನನ್ನ ಅಂಗೈಯನ್ನು ತಿರುಗಿಸಿ ನೋಡಿದರು. ಹಗ್ಗ ಎಳೆದು ಎಳೆದು ಅದು ಗಟ್ಟಿಯಾಗಿ, ಅಲ್ಲಲ್ಲಿ ಸಿಪ್ಪೆ ಸುಲಿದಿತ್ತು.

"ಅವರ್ದೂ ಇಂಗೇ ಐತೆ," ಅಂದರು ಮೆಲ್ಲಗೆ. "ಮದ್ವೆಯಾದ್ ವರ್ಸಾನೇ ನಂಗೆ ಗೊತ್ತಾತು. ಸೌಟು ಹಿಡ್ದ ಕೈ ಇಂಗಾಗ್ತದಾ? ನಾನು ಭಯಪಡ್ತೀನಿ ಅಂತ ಹೇಳಲ್ಲ. ನಂಗೆ ಗೊತ್ತೈತೆ ಅಂತ ಗೊತ್ತಾದ್ರೆ ಅವರು ಭಯಪಡ್ತಾರೆ. ನೀನೂ ಹೇಳ್ಬೇಡ ಕಣಮ್ಮ."

ಉಸ್ತಾದ್ ಟ್ರಂಕು ಹಿಡಿದು ಇಳಿದು ಬಂದರು. ಆಕೆ ಬೇಗ ಬೇಗ ಹೋಗಿ, ಅವರ ಬಲಗೈ ಕಡೆಯ ಹಿಡಿಯನ್ನು ತಾವು ಹಿಡಿದುಕೊಂಡರು.