ಗೇಟು ದಾಟದ ಕೆಸರು

ಬೆಳಕು ಇನ್ನೂ ಕಣ್ಣುಜ್ಜಿಕೊಳ್ಳುತ್ತಿದೆ. ನೆಲಮಾಳಿಗೆಗೆಂದು ತೋಡಿದ ಗುಂಡಿಯಿಂದ ಲಾರಿಯೊಂದು ಏದುಸಿರು ಬಿಡುತ್ತ ಮೇಲೇರಿ ಬರುತ್ತದೆ. ಗುಂಡಿಯೋ, ಬಗ್ಗಿ ನೋಡಿದರೆ ಪಾತಾಳದವರು ತಲೆಯೆತ್ತಿ ‘ಯಾರ್ರೀ ಅದು?’ ಎಂದು ಕೇಳಬೇಕು, ಅಷ್ಟು ಆಳ. ಚಕ್ರಗಳಿಗೆ ಮೆತ್ತಿದ ಕೆಸರಿನಲ್ಲಿ ಎರಡು ಮನೆ ಕಟ್ಟಿ, ಮೂರನೆಯದನ್ನು ಬಾಡಿಗೆಗೆ ಕೊಡಬಹುದು. ಗೇಟಿನ ಬಳಿ ರಬ್ಬರ್ ಬೂಟು ತೊಟ್ಟು, ತಲೆಗೆ ಬಟ್ಟೆ ಬಿಗಿದು, ಪೈಪು ಹಿಡಿದು ನಿಂತ ಹೆಂಗಸೊಬ್ಬರು ಅಂಗೈ ಎತ್ತುತ್ತಾರೆ. ಅಷ್ಟು ದೊಡ್ಡ ಲಾರಿ ಬೈಸಿಕೊಂಡ ಮಗುವಿನಂತೆ ತೆಪ್ಪಗೆ ನಿಲ್ಲುತ್ತದೆ.

ಚಾಲಕರು ಇವರನ್ನು ಕರೆಯುವುದು ‘ಅತ್ತೆಮ್ಮ’ ಎಂದು. ಸೊಸೆ ತೊಳೆದಿಟ್ಟ ಪಾತ್ರೆಯನ್ನು ಲೋಕದ ಯಾವ ಅತ್ತೆಯೂ ಇವರು ಚಕ್ರ ನೋಡುವಷ್ಟು ಅನುಮಾನದಿಂದ ನೋಡಿರಲಾರಳು. ಇವರ ಪೈಪಿನ ನೀರಿಗೆ ಆನೆಯೂ ಎರಡು ಹೆಜ್ಜೆ ಹಿಂದೆ ಸರಿದೀತು. ನೀರು ಬಿಟ್ಟ ಮೇಲೆ ಜೋಡಿ ಚಕ್ರಗಳ ನಡುವೆ ಕಬ್ಬಿಣದ ಸಲಾಕೆ ತೂರಿಸಿ, ಸಿಕ್ಕಿಕೊಂಡ ಹೆಂಟೆಯನ್ನು ಮೀಟಿ ಉರುಳಿಸುತ್ತಾರೆ. “ಮೇಲ್ಗಡೆ ಯಾರ್ ಬೇಕಾದ್ರೂ ತೊಳೀತಾರೆ. ಕಳ್ಳ ಕೂತಿರೋದು ಈ ಸಂದೀಲಿ.”

ಗಂಡನ ಬೆನ್ನು ಕೈಕೊಟ್ಟ ಮೇಲೆ ಹಾಸ್ಟೆಲಿನ ಅಡುಗೆಮನೆಯಲ್ಲಿ ಹಂಡೆ ಉಜ್ಜುತ್ತಿದ್ದವರು ಇವರು. ಹಂಡೆಯಿಂದ ಚಕ್ರಕ್ಕೆ ಬಡ್ತಿ ಸಿಕ್ಕಿತು ಎಂದು ತಾವೇ ನಗುತ್ತಾರೆ. ಆದರೆ ಬಡ್ತಿಯ ಮೊದಲ ವಾರವೇ ಎಡವಟ್ಟಾಯಿತು. “ನಾನ್ ತೊಳೆದ ರಭಸಕ್ಕೆ ಟೈರಲ್ಲಿ ಮುಖ ನೋಡ್ಕೋಬೋದಿತ್ತು. ನೀರು ಸೋರುತ್ತೆ ಅನ್ನೋದೇ ಹೊಳೀಲಿಲ್ಲ.” ತೊಳೆದ ಲಾರಿಯನ್ನು ಹಾಗೇ ಬಿಟ್ಟದ್ದರಿಂದ ಕೆಸರುನೀರು ಸೋರಿ ಇಳಿಜಾರು ರಸ್ತೆಗೆ ಎಣ್ಣೆ ಸವರಿದಂತಾಯಿತು. ಕೆಲಸಕ್ಕೆ ಹೊರಟಿದ್ದ ಅವರ ಓರಗಿತ್ತಿಯೇ ಸ್ಕೂಟರ್ ಸಮೇತ ಜಾರಿ ಕೈ ಮುರಿದುಕೊಂಡರು. “ಆಸ್ಪತ್ರೇಲಿ ಮಲಗಿದ್ದೋಳು ‘ಅಕ್ಕ, ನಿಮ್ ಲಾರಿ ಮಾತ್ರ ಬಲು ಫಳಫಳ ಅಂತಿತ್ತು’ ಅಂದ್ಲು. ನಗ್ಬೇಕೋ ಅಳ್ಬೇಕೋ ಹೇಳಿ.”

ಅಂದಿನಿಂದ ತೊಳೆದ ಲಾರಿ ದಪ್ಪ ಜಲ್ಲಿಯ ಹಾಸಿನ ಮೇಲೆ ಹಿಂದೆ ಮುಂದೆ ಓಲಾಡಿ, ಕೊನೆಯ ಹನಿ ಉದುರಿಸಿಯೇ ಗೇಟು ದಾಟಬೇಕು. ನೀರೆಲ್ಲ ಪಕ್ಕದ ತೊಟ್ಟಿಗೆ ಹರಿಯುತ್ತದೆ; ತಳದಲ್ಲಿ ಕೂತ ಮಣ್ಣನ್ನು ಸಂಜೆ ಅತ್ತೆಮ್ಮ ಸಲಿಕೆಯಿಂದ ಬಾಚುತ್ತಾರೆ. ಬಾಚಿದ್ದನ್ನೆಲ್ಲ ಗುಡ್ಡೆ ಹಾಕಿದ್ದರೆ ಇಷ್ಟು ಹೊತ್ತಿಗೆ ಊರಿಗೊಂದು ಬೆಟ್ಟವಾಗಿ, ನೋಡಲು ಪ್ರವಾಸಿಗರು ಬರುತ್ತಿದ್ದರು.

ಇಂದು ಮಾತ್ರ ಎರಡನೇ ಲಾರಿಯ ಹೊತ್ತಿಗೇ ಪಂಪು ಕೆಮ್ಮಿ ಸುಮ್ಮನಾಗುತ್ತದೆ. ಗುಂಡಿಯ ತಳದವರೆಗೂ ಲಾರಿಗಳ ಸಾಲು. ಸತ್ತವರು ಎದ್ದು ಕೂರುವಂಥ ಹಾರನ್ನು. ಮೇಸ್ತ್ರಿ ಓಡಿ ಬರುತ್ತಾರೆ.

“ಇವತ್ತೊಂದಿನ ಬಿಟ್ಬಿಡಮ್ಮ. ಮಧ್ಯಾಹ್ನ ರಸ್ತೆ ಗುಡಿಸಿದ್ರಾಯ್ತು.”

“ಅಷ್ಟರಲ್ಲಿ ಬೀಳೋರು ಬಿದ್ದಿರ್ತಾರೆ ಸಾರ್.”

“ಕೆಲಸ ತಪ್ಪಿಹೋದೀತು, ನೋಡ್ಕೊ. ಕೆಲಸ ಬೇಕೋ ಬೇಡ್ವೋ?”

“ಬೇಕು ಅಂತಾನೇ ಮಾಡ್ತಿರೋದು.” ಅತ್ತೆಮ್ಮ ಗೇಟಿಗೆ ಸರಪಳಿ ಬಿಗಿದು, ಡ್ರಮ್ಮಿನಿಂದ ಬಕೆಟ್ಟಿಗೆ ನೀರು ತುಂಬತೊಡಗುತ್ತಾರೆ. ಮೇಸ್ತ್ರಿ ಕೈ ಕೊಡವಿ ಮೆಕ್ಯಾನಿಕ್‌ನನ್ನು ಹುಡುಕಿಕೊಂಡು ಹೊರಡುತ್ತಾರೆ.

ಮುಂದಿನ ಲಾರಿಯಿಂದ ತಲೆ ಹೊರಹಾಕಿದವನು ಅತ್ತೆಮ್ಮನ ಮೈದುನ, ಬಿದ್ದ ಓರಗಿತ್ತಿಯ ಗಂಡ. ಅವಸರಕ್ಕೆ ಸಿಕ್ಕ ಅಡ್ಡಹೆಸರು ರಾಕೆಟ್. ಊಟಕ್ಕೆ ಕೂರುವ ಮೊದಲೇ ಕೈ ತೊಳೆದು ಎದ್ದಿರುವಂಥ ಆಸಾಮಿ.

“ಅತ್ತಿಗೆ, ಸಂಬಂಧಿಕರಿಗಾದ್ರೂ ಒಂಚೂರು ರಿಯಾಯ್ತಿ ಇಲ್ವಾ?”

“ಯಾಕಿಲ್ಲ? ಅಲ್ಲಿ ನಾಕು ಬಕೆಟ್ ಇದೆ, ನಿಂಗಿಷ್ಟ ಬಂದಿದ್ದು ಆರಿಸ್ಕೋ.”

“ಅಯ್ಯೋ, ಹೊತ್ತಾಯ್ತು ಅತ್ತಿಗೆ!”

“ಮನೇಲಿ ಅವಳು ಇನ್ನೂ ಒಂದೇ ಕೈಲಿ ನಿನಗೆ ತಟ್ಟೆ ಹಾಕ್ತಿದ್ದಾಳೆ ಕಣೋ. ಇನ್ಯಾರ ಮನೇಲಿ ಹಾಗಾಗ್ಬೇಕು ಹೇಳು?”

ರಾಕೆಟ್ ಎಂಜಿನ್ ಆರಿಸುತ್ತಾನೆ. ಇಳಿದು ಸಲಾಕೆ ಎತ್ತಿಕೊಂಡು ಚಕ್ರದ ಸಂದಿ ಕೆರೆಯತೊಡಗುತ್ತಾನೆ. ಹಿಂದಿನ ಲಾರಿಯವನು ಗೊಣಗುತ್ತ ಬಕೆಟ್ ಹಿಡಿಯುತ್ತಾನೆ. ಅವನ ಹಿಂದಿನವನು ಹಾರನ್ನಿನಿಂದ ಕೈ ತೆಗೆದು ಪೊರಕೆ ಹುಡುಕುತ್ತಾನೆ. “ಅತ್ತೆಮ್ಮ, ನಮ್ಮವ್ವ ಕೂಡ ಹಿಂಗೆ ದುಡಿಸಿಲ್ಲ!” ಎಂದು ಯಾರೋ ಕೂಗುತ್ತಾರೆ. “ಅದಕ್ಕೇ ಹಿಂಗಿದೀಯ,” ಎಂದು ತಲೆಯೆತ್ತದೆ ಉತ್ತರ. ಮೇಸ್ತ್ರಿ ಮೆಕ್ಯಾನಿಕ್‌ನನ್ನು ಕರೆತರುವಷ್ಟರಲ್ಲಿ ಅರ್ಧ ಸಾಲು ಜಲ್ಲಿಯ ಮೇಲೆ ಓಲಾಡಿ ಹೊರಟಾಗಿದೆ. ಅವರು ಒಮ್ಮೆ ರಸ್ತೆಯನ್ನೂ ಒಮ್ಮೆ ಅತ್ತೆಮ್ಮನನ್ನೂ ನೋಡಿ, “ಪಂಪ್ ಸರಿಯಾಗೋವರೆಗೂ ಹಿಂಗೇ ನಡೀಲಿ,” ಎನ್ನುತ್ತಾರೆ.

ಕೊನೆಯ ಲಾರಿ ಹೋದ ಮೇಲೆ ಅತ್ತೆಮ್ಮ ಗೇಟಿನಾಚೆ ಬಂದು, ಕೂತು, ರಸ್ತೆಯ ಮೇಲೆ ಅಂಗೈ ಸವರುತ್ತಾರೆ. ಅಂಗೈಗೆ ಏನೂ ಅಂಟುವುದಿಲ್ಲ. ಇಳಿಜಾರಿನಲ್ಲಿ ಜನ ಕೆಲಸಕ್ಕೆ ಹೊರಟಿದ್ದಾರೆ. ಒಬ್ಬಾಕೆ ನಡೆಯುತ್ತಲೇ ಕೂದಲು ಕಟ್ಟಿಕೊಳ್ಳುತ್ತಾಳೆ, ಮತ್ತೊಬ್ಬ ಮೊಬೈಲಿನಲ್ಲಿ ಯಾರೊಂದಿಗೋ ಜಗಳಕ್ಕೆ ಬಿದ್ದಿದ್ದಾನೆ. ಗೇಟಿನತ್ತ ತಿರುಗುವವರು ಒಬ್ಬರೂ ಇಲ್ಲ.

“ನೋಡಿ, ಯಾರೂ ನೆಲ ನೋಡ್ಕೊಂಡು ನಡೀತಿಲ್ಲ,” ಎನ್ನುತ್ತಾರೆ ಅತ್ತೆಮ್ಮ. “ನಂಗಷ್ಟು ಸಾಕು.”